ದೂರದಿಂದ ಕಂಡ ನೀರು

ಬೆಟ್ಟ ಹತ್ತಿ, ಕೆಳಗಿನ ಕೆರೆ ನೋಡಿ ಸಂತೋಷಪಡುವುದು ನಮಗೆ ಹೇಳಿದ್ದಲ್ಲ ಎನ್ನುವ ಗೆಳೆಯರಿದ್ದಾರೆ. ನಿಸರ್ಗದ ಚೆಲುವು ಹೊಟ್ಟೆ ತುಂಬಿದವರ ಚಪಲ, ನವೋದಯದವರು ಅದನ್ನು ಬೇಕಾದಷ್ಟು ಬರೆದಾಯಿತು, ನಮಗೆ ಬೇರೆ ಕೆಲಸ ಉಂಟು ಅಂತ ಅವರ ವಾದ. ಇದರಲ್ಲಿ ಸತ್ಯ ಉಂಟು. ಪೂರ್ತಿ ಸತ್ಯ ಇಲ್ಲ.

ಮಂಗಳೂರಿನ ಕದ್ರಿ ಗುಡ್ಡವನ್ನೇ ತೆಗೆದುಕೊಳ್ಳಿ. ಹಿಮಾಲಯ ಕಂಡವರು ಅದನ್ನು ಬೆಟ್ಟ ಎನ್ನಲಿಕ್ಕಿಲ್ಲ. ಬುಡದಲ್ಲಿ ಮಂಜುನಾಥ ದೇವಸ್ಥಾನ, ಹಿಂದೆ ಗೋಮುಖದ ಬುಗ್ಗೆಯಿಂದ ತುಂಬುವ ಕೆರೆಗಳು, ಕಲ್ಲು ಮೆಟ್ಟಿಲು ಏರಿದರೆ ಜೋಗಿಮಠ, ಪಾಂಡವರ ಗುಹೆ. ಮೆಟ್ಟಿಲು ಕಡಿದು, ಏದುಸಿರು ಬರುತ್ತದೆ. ನಿಂತು ತಿರುಗಿದರೆ ಮರಗಳ ಸಂದಿಯಲ್ಲಿ ಕಾಣುವುದು ಚಂದವೇ. ಅಲ್ಲ ಎಂದರೆ ನಮ್ಮ ಕಣ್ಣಿಗೆ ನಾವೇ ಮೋಸ ಮಾಡಿದ ಹಾಗೆ.

ಆದರೆ ತಿರುಗಿ ನೋಡಲಿಕ್ಕೆ ಮೊದಲು ಕುತ್ತಿಗೆ ತಿರುಗಬೇಕಲ್ಲ! ನನ್ನಮ್ಮ ಹರೆಯದಲ್ಲಿ ಮುರಕಲ್ಲು ಹೊತ್ತವಳು. ತಲೆಯ ಮೇಲೆ ಕಲ್ಲಿದ್ದರೆ ಕುತ್ತಿಗೆ ಹೊರಳುವುದಿಲ್ಲ. ಕಾಲು ಎಲ್ಲಿಡಬೇಕು ಎಂಬುದರಲ್ಲೇ ಜೀವ ಇರುತ್ತದೆ. ಅವಳು ಎಷ್ಟು ಏರು ಹತ್ತಿದ್ದಾಳೋ! ಒಂದರ ನೋಟವನ್ನೂ ಹೇಳಿದ್ದಿಲ್ಲ.

ಇಟಲಿಯ ಕವಿ ಪೆಟ್ರಾರ್ಕ್ 1336ರ ಏಪ್ರಿಲ್ 26ರಂದು ಫ್ರಾನ್ಸಿನ ವೆಂಟೂ ಪರ್ವತ ಹತ್ತಿದನಂತೆ, ಬರೀ ನೋಡುವ ಆಸೆಗೆ. ಪಶ್ಚಿಮದವರು ಇದನ್ನು ಬಹಳ ಕೊಂಡಾಡುತ್ತಾರೆ. ಅವನ ಪತ್ರದಲ್ಲೇ ಒಬ್ಬ ಮುದಿ ಕುರಿಗಾಹಿ ಬರುತ್ತಾನೆ. 50 ವರ್ಷದ ಹಿಂದೆ ನಾನೂ ಹತ್ತಿದ್ದೆ, ಸಿಕ್ಕಿದ್ದು ದಣಿವು, ಪಶ್ಚಾತ್ತಾಪ, ಮುಳ್ಳಿಗೆ ಹರಿದ ಬಟ್ಟೆ, ಹೋಗಬೇಡಿ ಎನ್ನುತ್ತಾನೆ. ಅವನೂ ಹತ್ತಿದವನೇ ಅಲ್ಲವೇ? ಚರಿತ್ರೆಗೆ ಅವನ ಹೆಸರು ಬೇಡವಾಯಿತು.

ಇನ್ನು, ನೋಟ ಎಂದರೇನು? ಕಣ್ಣಿಗೆ ಕಾಣಬೇಕು, ಕೈಗೆ ಸಿಗಬಾರದು. ಹಾಗಾದರೆ ಕೆರೆಯನ್ನು ದೂರದಿಂದ ನೋಡುವ ವಿದ್ಯೆಯಲ್ಲಿ ನಮ್ಮ ಜನರಷ್ಟು ಪಳಗಿದವರು ಈ ದೇಶದಲ್ಲಿ ಯಾರಿದ್ದಾರೆ? ತಲೆತಲಾಂತರ ನಮಗೆ ಕೆರೆ ಎಂದರೆ ಬರೀ ದೃಶ್ಯ! ಮಹಾಡದ ಚವದಾರ್ ಕೆರೆ ಕಾಗದದ ಮೇಲೆ 1924ರಲ್ಲೇ ಎಲ್ಲರಿಗೂ ತೆರೆದಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅದಕ್ಕಿಳಿದು ಬೊಗಸೆ ನೀರು ಕುಡಿದಾಗಲೇ ಆ ದೂರ ಮುರಿದದ್ದು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ, ಸಾರ್ವಜನಿಕ ಕೆರೆ ಬಾವಿಗಳಿಂದ ಯಾರನ್ನೂ ತಡೆಯಬಾರದೆಂಬ ಕಾಯಿದೆ ಬಂದದ್ದು 1938ರಲ್ಲಿ; ದೇವಸ್ಥಾನ ಪ್ರವೇಶದ್ದು 1947ರಲ್ಲಿ. ಕಾಯಿದೆ ಬಂದ ದಿನವೇ ದೂರ ಕರಗಿತು ಎಂದು ನಂಬುವ ಮಾಸ್ತರರು ತಮ್ಮೂರ ಬಾವಿಕಟ್ಟೆಗೊಮ್ಮೆ ಹೋಗಿ ಬರಲಿ.

ಹಾಗಾಗಿ ಗೆಳೆಯರೇ, ಚೆಲುವನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಬಿಟ್ಟುಕೊಟ್ಟರೆ ಅವರು ಹಾಕಿದ ದೂರಕ್ಕೆ ನಾವೇ ಕಾವಲು ಕೂತ ಹಾಗೆ. ನೀರನ್ನು ಮುಟ್ಟಬಲ್ಲವನಿಗೆ ದೂರ ನಿಂತು ನೋಡುವುದು ಸುಖ. ಮುಟ್ಟಲಾರದವನಿಗೆ ಅದೇ ಶಿಕ್ಷೆ. ಮೊದಲು ಕೆರೆಗಿಳಿಯೋಣ, ಆಮೇಲೆ ಗುಡ್ಡ ಹತ್ತೋಣ. ಎರಡೂ ಬೇಕು.

ಕದ್ರಿಯಲ್ಲಿ ಮೂರು ಮುಖ, ಆರು ಕೈಗಳ ಒಂದು ಕಂಚಿನ ವಿಗ್ರಹ ಉಂಟು. ಶಾಸನ ಅದನ್ನು ಲೋಕೇಶ್ವರ ಎನ್ನುತ್ತದೆ. ಆಳುಪ ದೊರೆ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿದ್ದು. ಬೌದ್ಧರ ಅವಲೋಕಿತೇಶ್ವರನೇ ಇವನು ಎನ್ನುವ ವಿದ್ವಾಂಸರಿದ್ದಾರೆ, ಅಲ್ಲ ಶೈವ ಎನ್ನುವವರೂ ಇದ್ದಾರೆ. ಆ ಜಗಳ ಅವರಿಗಿರಲಿ. ನನಗೆ ಬೇಕಾದದ್ದು ಹೆಸರು. ಅವಲೋಕಿತೇಶ್ವರ ಎಂದರೆ ಮೇಲಿನಿಂದ ಕೆಳಗೆ ನೋಡುವ ಒಡೆಯ. ನೋಡುವುದು ದೃಶ್ಯವನ್ನಲ್ಲ, ಲೋಕದ ಸಂಕಟವನ್ನು. ಎಲ್ಲರೂ ದಾಟುವ ತನಕ ತಾನು ದಾಟಲಾರೆ ಎಂದು ನಿಂತವನು ಅಂತ ಬೌದ್ಧರ ನಂಬಿಕೆ. ಮೇಲಿನಿಂದ ಕೆಳಗೆ ನೋಡುವುದು ಎಂದರೆ ನಮಗೆ ಗೊತ್ತಿದ್ದದ್ದು ಜಾತಿಯ ಕಣ್ಣು ಒಂದೇ. ಇನ್ನೊಂದು ಕಣ್ಣು ಸಾವಿರ ವರ್ಷದಿಂದ ಇದೇ ಗುಡ್ಡದ ಬುಡದಲ್ಲಿ ಕೂತಿದೆ.

ಶಾಸನದಲ್ಲಿ ದೊರೆಯ ಹೆಸರುಂಟು. ಗುಡ್ಡದ ಮೆಟ್ಟಿಲಿಗೆ ಕಲ್ಲು ಹೊತ್ತವರ ಹೆಸರು ಎಲ್ಲಿ ಹುಡುಕುವುದು? ಅಮ್ಮನನ್ನು ಬರಿತಲೆಯಲ್ಲಿ ಒಮ್ಮೆ ಅಲ್ಲಿಗೆ ಹತ್ತಿಸಬೇಕೆಂದಿದ್ದೇನೆ. ಮಂಡಿನೋವು, ಅರ್ಧದವರೆಗಾದರೂ ಆದೀತು. ಅಲ್ಲಿ ಎಂತ ಉಂಟು ನೋಡಲಿಕ್ಕೆ ಅಂತ ಕೇಳುತ್ತಾಳೆ.