ಕ್ರೀಡಾಂಗಣಕ್ಕೂ ಮೊದಲಿನ ಕೋಣೆ

2021ರ ಆಗಸ್ಟ್ 29, ರಾಷ್ಟ್ರೀಯ ಕ್ರೀಡಾ ದಿನ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಿಂದ ಬೆಳಿಗ್ಗೆಯೇ ಬಂದದ್ದು ಟೇಬಲ್ ಟೆನಿಸ್‌ನಲ್ಲಿ ಭಾವಿನಾ ಪಟೇಲ್ ಗೆದ್ದ ಬೆಳ್ಳಿಯ ಸುದ್ದಿ. ಸಂಜೆ ಹೈಜಂಪ್‌ನಲ್ಲಿ ನಿಷಾದ್ ಕುಮಾರ್ ಇನ್ನೊಂದು ಬೆಳ್ಳಿ ಸೇರಿಸಿದರು. ಅದರ ಬೆನ್ನಿಗೇ ಡಿಸ್ಕಸ್ ಎಸೆತದಲ್ಲಿ ವಿನೋದ್ ಕುಮಾರ್ ಅವರಿಗೆ ಕಂಚು, ದೂರ 19.91 ಮೀಟರ್. ಗಡಿ ಭದ್ರತಾ ಪಡೆಯಲ್ಲಿದ್ದಾಗ ಲೇಹ್‌ನ ತರಬೇತಿಯಲ್ಲಿ ಬಂಡೆಯಿಂದ ಬಿದ್ದು ಕಾಲುಗಳಿಗೆ ಪೆಟ್ಟಾಗಿ, ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರು ಅವರು. ಒಂದೇ ದಿನ ಮೂರು ಪದಕ ಎಣಿಸುವ ಅಭ್ಯಾಸ ನಮಗೆ ಎಲ್ಲಿತ್ತು!

ಮರುದಿನ ಆ ಕಂಚು ಇರಲಿಲ್ಲ. ಜೊತೆಗೆ ಸ್ಪರ್ಧಿಸಿದವರು ತಕರಾರು ಎತ್ತಿದ್ದರು. ಅಂಗವೈಕಲ್ಯ ನೋಡಿ ಸ್ಪರ್ಧಿಗಳನ್ನು ವರ್ಗಗಳಾಗಿ ವಿಂಗಡಿಸುವ ತಂಡ ಮತ್ತೆ ಪರಿಶೀಲಿಸಿ, ವಿನೋದ್ ಅವರಿಗೆ ಯಾವ ವರ್ಗವನ್ನೂ ಕೊಡಲು ತನಗೆ ಸಾಧ್ಯವಾಗಲಿಲ್ಲ ಎಂದಿತು. ಅವರು ಸ್ಪರ್ಧಿಸಿದ್ದು ಎಫ್52 ವರ್ಗದಲ್ಲಿ. ಆ ಫಲಿತಾಂಶ ರದ್ದಾಯಿತು. ಪರೀಕ್ಷೆಯಲ್ಲಿ ತಮ್ಮ ಸಾಮರ್ಥ್ಯವನ್ನು ಬೇಕೆಂದೇ ಕಡಿಮೆ ತೋರಿಸಿದರೆಂದು ತೀರ್ಮಾನಿಸಿ, ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಆಮೇಲೆ ಎರಡು ವರ್ಷದ ನಿಷೇಧವನ್ನೂ ಹಾಕಿತು. ಪದಕ ಹೋದ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಎದ್ದ ಮೊದಲ ಮಾತು ಇದು: "ಅಷ್ಟು ವರ್ಷ ಮಲಗಿದ್ದವನಿಗೆ ಅಂಗವೈಕಲ್ಯ ಸಾಲದು ಅಂದ್ರೆ ಏನರ್ಥ?"

ವಿನೋದ್ ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನಾನು ಯಾರೂ ಅಲ್ಲ. ಆದರೆ ಮನೆಯಲ್ಲಿ ಎದ್ದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಟಿ.ವಿ.ಯಲ್ಲಿ ನಮಗೆ ಕಾಣುವುದು ಕ್ರೀಡಾಂಗಣ ಮಾತ್ರ. ಅದಕ್ಕೂ ಮೊದಲು ಪ್ರತಿಯೊಬ್ಬ ಆಟಗಾರರೂ ಒಂದು ಕೋಣೆಯನ್ನು ದಾಟಿ ಬರಬೇಕು. ವೈದ್ಯರು, ಫಿಸಿಯೊಗಳು, ಆಟ ಬಲ್ಲವರು ಅಲ್ಲಿರುತ್ತಾರೆ. ಒಂದೊಂದು ಸ್ನಾಯುವಿನ ಬಲಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ, ಕೀಲು ಎಷ್ಟು ಡಿಗ್ರಿ ಬಾಗುತ್ತದೆಂಬ ಅಳತೆ, ಬಳಿಕ ಆಟದ ಸಲಕರಣೆ ಕೈಗೆ ಕೊಟ್ಟು ಎಸೆಸುವುದು, ಓಡಿಸುವುದು. ಇಷ್ಟೂ ಮುಗಿದ ಮೇಲೆ ಸ್ಪರ್ಧೆಯ ದಿನ ಕಣ್ಣಿಟ್ಟು ನೋಡುವುದು ಬೇರೆ. ಅರ್ಹವೆನಿಸುವ ನ್ಯೂನತೆಗಳು ಹತ್ತು ಬಗೆ. ಸ್ಪರ್ಧಿಯ ಹೆಸರಿನ ಪಕ್ಕ ಬರುವ ಟಿ11, ಎಫ್41, ಎಫ್64 ಎಂಬ ಗುರುತುಗಳು ಈ ಕೋಣೆಯಲ್ಲೇ ಹುಟ್ಟುವುದು. ಕಾಮೆಂಟರಿಯವರು ಅವನ್ನು ಬಸ್ಸಿನ ನಂಬರಿನಂತೆ ಓದಿ ಮುಂದೆ ಹೋಗುತ್ತಾರೆ. ಇಡೀ ಕೂಟ ನಿಂತಿರುವುದು ಆ ಗುರುತುಗಳ ಮೇಲೆಯೇ.

ಇಂಥದೇ ಇನ್ನೊಂದು ಕೋಣೆಯ ಬಾಗಿಲಲ್ಲಿ ನಾನೂ ಕಾದಿದ್ದೇನೆ. ದೊಡ್ಡಮ್ಮನ ಮಗ ಅಣ್ಣನಿಗೆ ಪೋಲಿಯೊದಿಂದ ಒಂದು ಕಾಲು ಸೊರಗಿದೆ. ಇನ್ನೊಂದು ಕಾಲಿನಲ್ಲೇ ಸೈಕಲ್ ತುಳಿದು ಊರೆಲ್ಲ ಸುತ್ತುವ ಆಸಾಮಿ. ಅಂಗವಿಕಲರ ಪ್ರಮಾಣಪತ್ರಕ್ಕೆಂದು ಆಸ್ಪತ್ರೆಯ ಮೆಡಿಕಲ್ ಬೋರ್ಡ್ ಮುಂದೆ ಹಾಜರಾಗುವ ದಿನ ಮಾತ್ರ ಸೈಕಲನ್ನು ಮನೆಯಲ್ಲೇ ಬಿಟ್ಟು, ಬಸ್ ಹತ್ತಿ ನನ್ನ ಹೆಗಲು ಹಿಡಿದು ಬಂದ. ಸಾಲಿನಲ್ಲಿ ಮುಂದಿದ್ದ ಹಿರಿಯರೊಬ್ಬರು ತಿರುಗಿ, "ಒಳಗೆ ಸರಾಗ ನಡೀಬೇಡಿ ಸ್ವಾಮಿ, ಪರ್ಸೆಂಟ್ ಇಳಿಸ್‌ಬಿಡ್ತಾರೆ" ಎಂದರು. ಅದರಲ್ಲಿ ಕಪಟವಿರಲಿಲ್ಲ. ಹಲವು ಸಲ ಸಾಲಿನಲ್ಲಿ ನಿಂತವರ ಅನುಭವ ಅದು. 2016ರ ಕಾಯ್ದೆಯ ಪ್ರಕಾರ ಶೇ 40 ಮುಟ್ಟಿದರಷ್ಟೇ ಮೀಸಲಾತಿಯ ಬಾಗಿಲು ತೆರೆಯುತ್ತದೆ. ಮಾಸಾಶನದ ಮೊತ್ತ ನಿಲ್ಲುವುದೂ ಪರ್ಸೆಂಟಿನ ಮೇಲೆಯೇ. ಅಣ್ಣ ಹೊರಗೆ ಬಂದವನೇ "ಐವತ್ತಕ್ಕೆ ಪಾಸಾದೆ ಕಣೋ" ಎಂದು ನಕ್ಕ. ಸೈಕಲ್ ವಿಷಯ ಯಾರೂ ಕೇಳಲಿಲ್ಲವಂತೆ.

ಕೇಳಬೇಕಿತ್ತು ಎಂದು ನನಗೆ ಆಮೇಲೆ ಅನ್ನಿಸಿತು. ಬೋರ್ಡ್ ಅಳೆಯುವುದು ಎಷ್ಟು ಹೋಗಿದೆ ಎಂಬುದನ್ನು. ಪ್ಯಾರಾಲಿಂಪಿಕ್ಸ್‌ನ ಕೋಣೆ ಕೇಳುವ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಮುಂದಿನದು: ಹೋಗಿರುವುದು ಈ ಆಟಕ್ಕೆ ಎಷ್ಟು ಅಡ್ಡಿ, ಉಳಿದಿರುವುದನ್ನು ಇಟ್ಟುಕೊಂಡು ನೀವು ಯಾರ ಎದುರು ನಿಂತರೆ ಅದು ಸರಿಸಮಾನ ಸ್ಪರ್ಧೆ? ಮೊದಲಿನಿಂದಲೂ ಅಲ್ಲಿ ಹೀಗಿರಲಿಲ್ಲ. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗಟ್‌ಮನ್ ಯುದ್ಧದ ಗಾಯಾಳುಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಿಲ್ಲುಗಾರಿಕೆ ಆಡಿಸಿದಾಗ ಇದ್ದವರು 16 ಮಂದಿ. ಆ ಕೂಟ ಬೆಳೆದ ಮೇಲೂ ಬಹುಕಾಲ ವಿಂಗಡಣೆ ನಡೆದದ್ದು ರೋಗದ ಲೆಕ್ಕದಲ್ಲೇ, ಬೆನ್ನುಹುರಿ ಎಲ್ಲಿ ತುಂಡಾಗಿದೆ ಎಂಬುದನ್ನು ನೋಡಿ. ರೋಗಿಯ ಕಡತವನ್ನು ಬದಿಗಿಟ್ಟು ಆಟಗಾರನ ಚಲನೆಯನ್ನು ನೋಡಲು ಕಲಿಯುವುದಕ್ಕೆ ದಶಕಗಳೇ ಹಿಡಿದವು.

ಆದರೂ ಎರಡೂ ಕೋಣೆಗಳಲ್ಲಿ ಒಂದು ಕಷ್ಟ ಸಮಾನ. ಒಳಗೆ ಹೋದವರಿಗೆ ತಮ್ಮ ಅಶಕ್ತಿಯಿಂದ ಲಾಭವಿದೆ. ಬದುಕಿಡೀ ಕಚೇರಿಯಿಂದ ಕಚೇರಿಗೆ ಅಲೆದು, ಕೊರತೆಯನ್ನು ಎತ್ತಿ ತೋರಿಸಿದರೆ ಮಾತ್ರ ಕೆಲಸ ಆಗುತ್ತದೆ ಎಂದು ಕಲಿತ ಒಬ್ಬರನ್ನು ವಿಮಾನ ಹತ್ತಿಸಿ, ಬೆಳಿಗ್ಗೆ ಒಂದು ಕೋಣೆಯಲ್ಲಿ ಇದ್ದದ್ದನ್ನು ಇದ್ದಂತೆ ತೋರಿಸಿ, ಸಂಜೆ ಮೈದಾನದಲ್ಲಿ ದೇಶಕ್ಕಾಗಿ ಪೂರಾ ಬಲ ಹಾಕಿ ಎನ್ನುತ್ತೇವೆ. ಹಾಗೆಂದು ಮೋಸ ಬಡದೇಶದವರ ಗುಣವೇನಲ್ಲ. 2000ದ ಸಿಡ್ನಿಯಲ್ಲಿ ಬೌದ್ಧಿಕ ನ್ಯೂನತೆಯುಳ್ಳವರ ಬ್ಯಾಸ್ಕೆಟ್‌ಬಾಲ್ ಚಿನ್ನ ಗೆದ್ದದ್ದು ಸ್ಪೇನ್. ತಂಡದ 12 ಜನರಲ್ಲಿ 10 ಮಂದಿಗೆ ಅಂಥ ನ್ಯೂನತೆಯೇ ಇರಲಿಲ್ಲ. ತಂಡದೊಳಗಿದ್ದ ಪತ್ರಕರ್ತನೇ ಅದನ್ನು ಬಯಲು ಮಾಡಿದ. ಶಿಕ್ಷೆ ಅವರಿಗಷ್ಟೇ ಆಗಿದ್ದರೆ ಬೇರೆ ಮಾತು. ಜಗತ್ತಿನ ಬೌದ್ಧಿಕ ನ್ಯೂನತೆಯ ಆಟಗಾರರೆಲ್ಲರ ಸ್ಪರ್ಧೆಗಳೇ ಪ್ಯಾರಾಲಿಂಪಿಕ್ಸ್‌ನಲ್ಲಿ ನಿಂತುಹೋದವು, 2012ರ ಲಂಡನ್‌ವರೆಗೆ. ತೆಲಂಗಾಣದ ದೀಪ್ತಿ ಜೀವಾಂಜಿ 2024ರಲ್ಲಿ ಪ್ಯಾರಿಸ್‌ನಲ್ಲಿ ಟಿ20 ವರ್ಗದ 400 ಮೀಟರ್ ಓಡಿ ಕಂಚು ಗೆದ್ದರಲ್ಲ, ಅವರು ಅದೇ ಓಟವನ್ನು ಹದಿನೈದಿಪ್ಪತ್ತು ವರ್ಷ ಮೊದಲು ಓಡಬಲ್ಲವರಾಗಿದ್ದರೂ ಓಡಲು ಜಾಗವಿರುತ್ತಿರಲಿಲ್ಲ.

ಪದಕ ವಾಪಸಾದಾಗ ನಮಗೆ ಸಿಟ್ಟು ಬರುತ್ತದೆ, ಸರಿ. ವರ್ಗಗಳದ್ದಲ್ಲದ ಇನ್ನೊಂದು ನಿಯಮ ನಮ್ಮ ಕೈಗೆ ಚಿನ್ನ ಕೊಟ್ಟದ್ದೂ ಉಂಟು. ಪ್ಯಾರಿಸ್‌ನ ಎಫ್41 ಜಾವೆಲಿನ್‌ನಲ್ಲಿ ಮೊದಲು ಬಂದಿದ್ದ ಇರಾನಿನ ಸ್ಪರ್ಧಿ ಅನರ್ಹರಾದದ್ದರಿಂದ ನವದೀಪ್ ಸಿಂಗ್ ಅವರ ಬೆಳ್ಳಿ ಚಿನ್ನವಾಯಿತು. ಅಂದು ಯಾರೂ ನಿಯಮವನ್ನು ಬೈಯಲಿಲ್ಲ.

ಇಷ್ಟೊಂದು ವರ್ಗಗಳಾದರೆ ಪದಕಕ್ಕೆ ಬೆಲೆಯೆಲ್ಲಿ ಎಂದು ಹೇಳುವವರನ್ನು ಕೇಳಿದ್ದೇನೆ. ಕುಸ್ತಿಯಲ್ಲಿ, ಬಾಕ್ಸಿಂಗಿನಲ್ಲಿ ತೂಕದ ಪ್ರಕಾರ ಜೋಡಿ ಮಾಡುವುದಿಲ್ಲವೆ? ಹೆಂಗಸರಿಗೂ ಗಂಡಸರಿಗೂ ಬೇರೆ ಓಟ, ಶಾಲಾ ಕ್ರೀಡಾಕೂಟದಲ್ಲಿ ವಯಸ್ಸಿಗೊಂದು ಗುಂಪು. ಅವೂ ವರ್ಗಗಳೇ, ನಮಗೆ ರೂಢಿಯಾಗಿವೆ ಅಷ್ಟೆ. ವಿಂಗಡಣೆ ಸರಿಯಾಗಿದ್ದರೆ ಸ್ಪರ್ಧೆ ಎಷ್ಟು ಬಿಗಿಯಾಗುತ್ತದೆ ಎಂಬುದಕ್ಕೆ ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರ ಜಿಗಿತವೇ ಸಾಕ್ಷಿ. 2012ರ ಲಂಡನ್, ಎಫ್42 ಹೈಜಂಪ್. ಮೊದಲ ಮೂವರೂ ದಾಟಿದ ಎತ್ತರ ಒಂದೇ: 1.74 ಮೀಟರ್. ಯಾರು ಎಷ್ಟು ಸಲ ತಪ್ಪಿದರು ಎಂಬ ಲೆಕ್ಕದಲ್ಲಿ ಚಿನ್ನ ಫಿಜಿಯ ಇಲಿಯೆಸಾ ಡೆಲಾನಾ ಅವರಿಗೆ ಹೋಯಿತು, ಬೆಳ್ಳಿ ಗಿರೀಶರಿಗೆ. ಆ ಸಲ ಭಾರತಕ್ಕೆ ಬಂದ ಪದಕ ಅದೊಂದೇ. ಗಿರೀಶರನ್ನು ಪಳಗಿಸಿದ ಬೆಂಗಳೂರಿನ ಕೋಚ್ ಸತ್ಯನಾರಾಯಣ ಅವರ ಬಳಿಯೇ ಅಭ್ಯಾಸ ಮಾಡಿದ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಮುಂದೆ ರಿಯೊದಲ್ಲಿ ಚಿನ್ನ ತಂದರು.

ಬ್ಯಾಡ್ಮಿಂಟನ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಎಸ್‌ಎಲ್3 ವರ್ಗದ ಸಿಂಗಲ್ಸ್ ಆಡುವುದು ಅರ್ಧ ಕೋರ್ಟಿನಲ್ಲಿ. ಕಾಲಿನ ತೊಂದರೆ ಅದಕ್ಕಿಂತ ಕಡಿಮೆ ಇರುವ ಎಸ್‌ಎಲ್4ರವರದು ಪೂರ್ತಿ ಕೋರ್ಟು. ಹಾಸನದಲ್ಲೇ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಬೆಳ್ಳಿ ಗೆದ್ದದ್ದು ಈ ಪೂರ್ತಿ ಕೋರ್ಟಿನ ಆಟದಲ್ಲಿ. ಎರಡೂ ಫೈನಲ್‌ಗಳಲ್ಲಿ ಎದುರಿಗಿದ್ದವರು ಫ್ರಾನ್ಸಿನ ಲುಕಾಸ್ ಮಝೂರ್. ಅರ್ಧ ಕೋರ್ಟಿನ ಆಟ ಸುಲಭವೆಂದು ತಿಳಿದವರು ಪ್ಯಾರಿಸ್‌ನಲ್ಲಿ ನಿತೇಶ್ ಕುಮಾರ್ ಆಡಿದ ಫೈನಲ್ ನೋಡಬೇಕು. ಓಡಲು ಜಾಗ ಕಡಿಮೆಯಾದಷ್ಟೂ ತಪ್ಪಿಗೂ ಜಾಗ ಕಡಿಮೆ.

ವರ್ಗ ಸಿಕ್ಕಿತೆಂದರೆ ಎಲ್ಲ ಸಿಕ್ಕಿತು ಎಂದೂ ಅಲ್ಲ. ರಾಜಸ್ಥಾನದ ದೇವೇಂದ್ರ ಝಝಾರಿಯಾ 2004ರ ಅಥೆನ್ಸ್‌ನಲ್ಲಿ ಜಾವೆಲಿನ್ ಚಿನ್ನ ಗೆದ್ದರು. ಬೀಜಿಂಗ್‌ನಲ್ಲೂ ಲಂಡನ್‌ನಲ್ಲೂ ಅವರ ಎಫ್46 ವರ್ಗಕ್ಕೆ ಜಾವೆಲಿನ್ ಸ್ಪರ್ಧೆಯನ್ನೇ ಇಡಲಿಲ್ಲ. ಮತ್ತೆ ಅವಕಾಶ ಬಂದದ್ದು 2016ರಲ್ಲಿ. ಮತ್ತೆ ಚಿನ್ನ, ಅದೂ ಅಥೆನ್ಸ್‌ಗಿಂತ ದೂರ ಎಸೆದು. ನಡುವಿನ 12 ವರ್ಷ ಆ ತೋಳು ಏನು ಮಾಡಬೇಕಿತ್ತು? ಯಾವ ವರ್ಗಕ್ಕೆ ಸ್ಪರ್ಧೆ ಇಡಬೇಕು ಎಂದು ಮೇಜಿನ ಸುತ್ತ ಕೂತು ಗೆರೆ ಎಳೆಯುವವರ ಕೈಯಲ್ಲಿ ಒಬ್ಬರ ಇಡೀ ಯೌವನ ಇರುತ್ತದೆ.

ಆದರೆ ಗೆರೆ ಎಳೆಯುವುದರಲ್ಲೂ ಜಾಣತನ, ಕರುಣೆ ಎರಡೂ ಇರಬಹುದು ಎನ್ನುವುದನ್ನು ಟಿ11 ಓಟದಲ್ಲಿ ನೋಡಿದೆ. ದೃಷ್ಟಿ ಪೂರ್ತಿ ಇಲ್ಲದವರು, ಬೆಳಕಿನ ಸುಳಿವಷ್ಟೇ ಕಾಣುವವರು ಎಲ್ಲರೂ ಅಲ್ಲಿ ಒಟ್ಟಿಗೆ ಓಡುತ್ತಾರೆ. ಆ ಸುಳಿವೂ ಯಾರಿಗೂ ನೆರವಾಗಬಾರದೆಂದು ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ. ಜೊತೆಯ ಓಟಗಾರ ಒಂದು ಪುಟ್ಟ ದಾರದ ಇನ್ನೊಂದು ತುದಿ ಹಿಡಿದು ಓಡಬೇಕು, ಎಳೆಯುವಂತಿಲ್ಲ, ಗೆರೆಯನ್ನು ತಾನು ಮೊದಲು ದಾಟುವಂತಿಲ್ಲ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಹೀಗೆ ಓಡಿಯೇ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರಿನಲ್ಲಿ ಎರಡು ಸಲ ಚಿನ್ನ ಗೆದ್ದವರು. ಪ್ಯಾರಿಸ್‌ನಲ್ಲಿ ಫೈನಲ್ ತಲುಪಲಿಲ್ಲ. ಪದಕದ ಪಟ್ಟಿ ನೋಡಿ ಪುಟ ತಿರುವುವ ನಮಗೆ ಆ ಓಟ ಕಾಣಲೇ ಇಲ್ಲ.

ಆ ಪಟ್ಟಿ ಈಗ ಉದ್ದವಾಗಿದೆ. ರಿಯೊಗೆ ಹೋದವರು 19 ಮಂದಿ, ಪದಕ 4. ಟೋಕಿಯೊಗೆ 54, ಪದಕ 19. ಪ್ಯಾರಿಸ್‌ಗೆ 84, ಪದಕ 29. ಹಣ ಬಂತು, ಶಿಬಿರ ಬಂತು, ಪ್ರಧಾನಿಯ ಫೋನ್ ಕರೆಯೂ ಬಂತು. ಆದರೆ ತಂಡ ಎಂದು ನಾವು ಕರೆಯುವ ಈ 84 ಮಂದಿ ಬಹುಪಾಲು ಒಂಟಿ ಸ್ಪರ್ಧಿಗಳು, ಹೆಚ್ಚೆಂದರೆ ಜೋಡಿಗಳು. ಐದಾರು ಜನ ಸೇರಿ ಒಂದೇ ಚೆಂಡಿಗೆ ಆಡುವ ಯಾವ ಆಟದಲ್ಲೂ ಪ್ಯಾರಿಸ್‌ನಲ್ಲಿ ಭಾರತ ಇರಲಿಲ್ಲ.

ನನಗೆ ಅತ್ಯಂತ ಇಷ್ಟವಾದ ನಿಯಮ ಇರುವುದು ಅಂಥದೊಂದು ಆಟದಲ್ಲೇ. ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ಆಟಗಾರರಿಗೂ ಒಂದರಿಂದ ನಾಲ್ಕೂವರೆವರೆಗೆ ಪಾಯಿಂಟ್ ಕೊಟ್ಟಿರುತ್ತಾರೆ. ಸೊಂಟದ ಹಿಡಿತವೇ ಇಲ್ಲದವರಿಗೆ ಒಂದು, ಹೆಚ್ಚುಕಡಿಮೆ ಪೂರ್ತಿ ಬಾಗಿ ತಿರುಗಬಲ್ಲವರಿಗೆ ನಾಲ್ಕೂವರೆ. ಅಂಕಣದಲ್ಲಿರುವ ಐವರ ಪಾಯಿಂಟ್ ಕೂಡಿದರೆ 14 ಮೀರಬಾರದು. ಬಲಿಷ್ಠರನ್ನೇ ಐದು ಮಂದಿ ಇಳಿಸೋಣವೆಂದರೆ ಲೆಕ್ಕ ಇಪ್ಪತ್ತೆರಡೂವರೆ ಆಗಿಬಿಡುತ್ತದೆ. ಆದ್ದರಿಂದ ಗೆಲ್ಲಬೇಕೆನ್ನುವ ಯಾವ ಕೋಚ್ ಆದರೂ ಒಂದು ಪಾಯಿಂಟಿನವರನ್ನು ಹುಡುಕಿಕೊಂಡು ಹೋಗಲೇಬೇಕು, ದಯೆಗಾಗಿ ಅಲ್ಲ, ಲೆಕ್ಕ ಕೂಡಿಬರಲಿ ಎಂದು. ಎದುರಾಳಿಯ ದಾರಿಗೆ ಕುರ್ಚಿ ಅಡ್ಡ ನಿಲ್ಲಿಸಿ ತನ್ನವರಿಗೆ ಜಾಗ ಮಾಡಿಕೊಡುವುದು ಅವರ ಕೆಲಸ. ಬುಟ್ಟಿಗೆ ಚೆಂಡು ಹಾಕಿದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಅದು ಎಲ್ಲ ಆಟದ ಹಣೆಬರಹ.

ಈ ಆಟ ನಮ್ಮ ದೇಶದಲ್ಲೂ ಇದೆ, ರಾಷ್ಟ್ರೀಯ ಪಂದ್ಯಾವಳಿಯೂ ನಡೆಯುತ್ತದೆ. ಜಾವೆಲಿನ್‌ಗೆ ಒಬ್ಬ ಛಲಗಾರ, ಒಬ್ಬ ಗುರು, ಒಂದು ಬಯಲು ಇದ್ದರೆ ಆರಂಭ ಮಾಡಬಹುದು. ಇದಕ್ಕೆ ಹತ್ತಾರು ಮಂದಿ ವಾರಕ್ಕೆ ಹಲವು ಸಲ ಒಂದೇ ಹೊತ್ತಿಗೆ ಒಂದೇ ಅಂಗಣಕ್ಕೆ ಬಂದು ಸೇರಬೇಕು. ನಾಲ್ಕು ಪಾಯಿಂಟಿನವರು ಹೇಗೋ ಬಂದಾರು; ಊರುಗೋಲು ಹಿಡಿದೋ, ಮೂರು ಚಕ್ರದ ಸ್ಕೂಟರಿನಲ್ಲೋ. ಒಂದು ಪಾಯಿಂಟಿನವರು ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿರುತ್ತಾರೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಇಳಿದರೂ ಫುಟ್‌ಪಾತ್ ಗಾಲಿಕುರ್ಚಿಗೆ ಆಗುವಂಥದಲ್ಲ. ಇವರನ್ನು ಸಂಜೆ ಐದಕ್ಕೆ ಅಂಗಣ ಮುಟ್ಟಿಸುವ ಬಸ್ ಯಾವುದು?