ಪುಡಿಯಿಂದ ಲೋಹಕ್ಕೆ

ಲೇಥಿಗೆ ಬರುವಾಗಲೇ ಲೋಹ ಲೋಹವಾಗಿರುತ್ತದೆ. ಲೇಥು ಕೊಡುವುದು ಆಕಾರ ಮಾತ್ರ. ಲೇಸರ್ ಯಂತ್ರಕ್ಕೆ ಬರುವುದು ಪುಡಿ. ತಟ್ಟೆಯ ಮೇಲೆ ಪದರ ಪದರವಾಗಿ ಹರಡಿದ ಪುಡಿಯನ್ನು ಲೇಸರ್ ಕರಗಿಸಿ ಕೂಡಿಸುತ್ತದೆ. ಅಲ್ಲಿ ಆಕಾರವೂ ಲೋಹವೂ ಒಂದೇ ಗಳಿಗೆಯಲ್ಲಿ ಹುಟ್ಟುತ್ತವೆ. ಆಕಾರ ಕೆಟ್ಟರೆ ಕಣ್ಣಿಗೆ ಬೀಳುತ್ತದೆ. ಲೋಹ ಕೆಟ್ಟರೆ ಒಳಗೇ ಅಡಗಿರುತ್ತದೆ.

ಪುಡಿಯೂ ಹಿಂದೆ ಗಟ್ಟಿಯೇ. ಕರಗಿದ ಲೋಹದ ಧಾರೆಯನ್ನು ಆರ್ಗಾನ್ ಅನಿಲದ ರಭಸ ಹನಿಹನಿಯಾಗಿ ಚದುರಿಸಿತು. ಮತ್ತೆ ಕೂಡಲೆಂದೇ ಒಡೆದದ್ದು.

ಕಣದ ಗಾತ್ರ ಹೆಚ್ಚಾಗಿ 15ರಿಂದ 45 ಮೈಕ್ರಾನ್. ದುಂಡಗಿದ್ದರೆ ಉರುಳಿ ಸಮನಾಗಿ ಹರಡೀತು; ಅಂಕುಡೊಂಕಾದರೆ ಒಂದಕ್ಕೊಂದು ಸಿಕ್ಕಿಕೊಂಡೀತು. ಲೇಸರ್ ಹೊತ್ತಿಕೊಳ್ಳುವ ಮುನ್ನವೇ ಅರ್ಧ ತೀರ್ಪು ಬಂದಿರುತ್ತದೆ.

ಬೆಳಕು ಸಾಲದೆ ಹೋದರೆ ಪದರಗಳ ನಡುವೆ ಪೊಳ್ಳು ಉಳಿಯುತ್ತದೆ. ಮಿತಿ ಮೀರಿದರೆ ಲೋಹ ಕುದಿದು ಆವಿಯಾಗಿ ಆಳಕ್ಕೆ ಕುಳಿ ತೋಡುತ್ತದೆ. ಕುಳಿ ಕುಸಿಯುವಾಗ ಗುಳ್ಳೆ ಸಿಕ್ಕಿಬೀಳುತ್ತದೆ. ಕೊರತೆಗೂ ಅತಿಗೂ ಫಲ ಪೊಳ್ಳೇ. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಅತಿಯ ಪೊಳ್ಳು ಸಾಮಾನ್ಯವಾಗಿ ದುಂಡಗೆ. ಕೊರತೆಯ ಪೊಳ್ಳು ಚಪ್ಪಟೆ, ಅಂಚು ಹರಿತ. ಬಿರುಕು ಅಲ್ಲಿಂದಲೇ ಬೇಗ ಮೊಳೆಯುತ್ತದೆ.

ಕರಗಿದ ಬಿಂದು ಸೆಕೆಂಡಿಗೆ ಲಕ್ಷದಿಂದ ಹತ್ತು ಲಕ್ಷ ಡಿಗ್ರಿ ವೇಗದಲ್ಲಿ ತಣಿಯುತ್ತದೆ. ಅಂಥ ಬಿಂದುಗಳಿಂದ ಒಂದು ಭಾಗ ಮೂಡಲು ಹಗಲಿರುಳು ಕಾಯಬೇಕು.

ತಣಿದ ಪದರ ಕುಗ್ಗಲು ಹವಣಿಸುತ್ತದೆ, ಕೆಳಗಿನದು ಬಿಡುವುದಿಲ್ಲ. ಆ ಸೆಣಸಾಟ ಬಿಗಿತವಾಗಿ ಒಳಗೆ ನಿಲ್ಲುತ್ತದೆ. ತಟ್ಟೆಗೆ ಅಂಟಿರುವ ತನಕ ಭಾಗ ನೇರ. ಕತ್ತರಿಸಿ ತೆಗೆದೊಡನೆ ಬಾಗುತ್ತದೆ. ಅದಕ್ಕೆಂದೇ ತಟ್ಟೆಯ ಸಮೇತ ಕಾಯಿಸಿ, ಬಿಗಿತ ಇಳಿಸಿದ ಮೇಲೆ ಬಿಡಿಸುತ್ತಾರೆ.

ಚಪ್ಪರದ ಕಂಬ ಚಪ್ಪರ ಬೀಳದಂತೆ ತಡೆಯುತ್ತದೆ. ಇಲ್ಲಿ ಭಾಗದ ಜೊತೆಗೇ ಕಟ್ಟುವ ಆಸರೆಗಳ ದೊಡ್ಡ ಕೆಲಸ, ಭಾಗ ಬಾಗಿ ಮೇಲೇಳದಂತೆ ಹಿಡಿಯುವುದು.

ಗಟ್ಟಿ ಟೈಟಾನಿಯಂ ಅನ್ನು ಕಾಯುವುದು ಆಮ್ಲಜನಕ ಕಟ್ಟಿಕೊಟ್ಟ ತೆಳುಪೊರೆ. ಕರಗಿದ ಟೈಟಾನಿಯಂ ಅನ್ನು ಪೆಡಸಾಗಿಸುವುದೂ ಆಮ್ಲಜನಕವೇ. ಪುಡಿಯಾಗಿ ಗಾಳಿಗೆ ಎದ್ದರೆ ಒಂದು ಕಿಡಿಗೆ ಸ್ಫೋಟ. ಲೋಹ ಒಂದೇ, ಗಾಳಿಯೂ ಒಂದೇ, ಬದಲಾದದ್ದು ಸ್ಥಿತಿ.

ತಾಮ್ರ ಅವಕೆಂಪು ಲೇಸರನ್ನು ಬಹುಪಾಲು ಹಿಂದಕ್ಕಟ್ಟುತ್ತದೆ, ಹಸಿರನ್ನು ಅದಕ್ಕಿಂತ ಎಷ್ಟೋ ಹೆಚ್ಚು ಹೀರುತ್ತದೆ. ಬಲ ಹೆಚ್ಚಿಸುವುದಕ್ಕಿಂತ ಬಣ್ಣ ಬದಲಿಸುವುದು ಜಾಣತನ.

2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಇಸ್ರೋದ ಪಿಎಸ್4 ಎಂಜಿನ್ 665 ಸೆಕೆಂಡು ಉರಿಯಿತು. ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಈ ಎಂಜಿನ್ನನ್ನು ಪುಡಿಗೆ ಒಪ್ಪುವಂತೆ ಹೊಸದಾಗಿ ವಿನ್ಯಾಸ ಮಾಡಿ, ವಿಪ್ರೋ ತ್ರೀಡಿಯಲ್ಲಿ ಲೇಸರಿನಿಂದ ಕಟ್ಟಿದ್ದರು. 14 ಭಾಗಗಳು ಒಂದಾದವು. 565 ಕಿಲೋ ಲೋಹ ಬೇಡುತ್ತಿದ್ದ ಕಡೆ 13.7 ಕಿಲೋ ಪುಡಿ ಸಾಕಾಯಿತು. ನಮ್ಮ ಕಾಲದ ಹೆಮ್ಮೆಯ ಮಿತವ್ಯಯಗಳಲ್ಲಿ ಇದೂ ಒಂದು.

ಅದೇ ಎಂಜಿನ್ನಿನಲ್ಲಿ 19 ಬೆಸುಗೆಗಳು ಇಲ್ಲವಾದವು. ಇಲ್ಲದ ಬೆಸುಗೆ ಸೋರುವುದಿಲ್ಲ, ನಿಜ. ಆದರೆ ಲೇಸರ್ ಎಳೆದ ಪ್ರತಿ ಗೆರೆಯೂ ಒಂದು ಬೆಸುಗೆ. ಹತ್ತೊಂಬತ್ತನ್ನು ಕಳೆದುಕೊಂಡ ಎಂಜಿನ್ ಅಡಿಯಿಂದ ಮುಡಿಯವರೆಗೆ ಬೆಸುಗೆಯೇ ಆಗಿದೆ. ಹಿಂದೆ ಪರೀಕ್ಷಕನಿಗೆ ಎಲ್ಲಿ ನೋಡಬೇಕೆಂದು ತಿಳಿದಿತ್ತು.

ವಕ್ರನಾಳವನ್ನು ಲೋಹದೊಳಗೆ ಮೂಡಿಸುವುದು ಸಲೀಸು. ಅದರಲ್ಲಿ ತುಂಬಿ ನಿಂತ ಪುಡಿಯನ್ನು ಹೊರತೆಗೆಯುವುದು ಕಷ್ಟ. ಒಳ್ಳೆಯ ವಿನ್ಯಾಸಗಾರ ಪುಡಿಯ ದಾರಿಯನ್ನು ಮೊದಲು ಬರೆಯುತ್ತಾನೆ.

ಕರಗದೆ ಉಳಿದ ಪುಡಿಯನ್ನು ಜರಡಿ ಹಿಡಿದು ಮತ್ತೆ ಸುರಿಯುತ್ತಾರೆ. ನೋಟಕ್ಕೆ ಅದೇ ಪುಡಿ. ಟೈಟಾನಿಯಂ ಆದರೆ ಪ್ರತಿ ಸುತ್ತಿಗೂ ಒಂದಿಷ್ಟು ಆಮ್ಲಜನಕ ಹೀರಿಕೊಂಡಿರುತ್ತದೆ.

ಭಾಗ ಮುಗಿದ ಮೇಲೆ ಕುಲುಮೆಯಲ್ಲಿ ಕಾವು 900 ಡಿಗ್ರಿ ದಾಟಿ, ಆರ್ಗಾನ್ ಒತ್ತಡ ವಾತಾವರಣದ ಸಾವಿರ ಪಟ್ಟಿನ ಹತ್ತಿರ ಏರಿದರೆ ಟೈಟಾನಿಯಂ ಒಳಗೆ ಹೂತ ಪೊಳ್ಳುಗಳು ಮುಚ್ಚಿಕೊಳ್ಳುತ್ತವೆ. ಮೈಮೇಲೆ ಬಾಯಿ ತೆರೆದ ರಂಧ್ರ ಮಾತ್ರ ಮುಚ್ಚದು: ಒತ್ತಬೇಕಾದ ಅನಿಲವೇ ಅದರೊಳಗೂ ಹೊಕ್ಕಿರುತ್ತದೆ.