ಒಲೆಗೆ ಬಂದ ಅತಿಥಿ

ಸೊಲ್ಲಾಪುರದ ಶೇಂಗಾ ಹಿಂಡಿಯನ್ನು ಪರದೇಶದ ತಿನಿಸೆಂದು ಯಾರೂ ಕರೆಯುವುದಿಲ್ಲ. ಆದರೆ ಶೇಂಗಾದ ತವರು ದಕ್ಷಿಣ ಅಮೆರಿಕ. ಅದಕ್ಕೆ ಖಾರ ಕೊಡುವ ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. 16ನೆಯ ಶತಮಾನದಲ್ಲಿ ಪೋರ್ತುಗೀಜರ ಮೂಲಕ ನಮ್ಮ ನಾಡಿಗೆ ಬಂದುದು. ಇವುಗಳೊಡನೆ ನಾವು ಉಣ್ಣುವ ಜೋಳದ ಮೂಲ ಆಫ್ರಿಕ. ಅದು ಬಂದು ಸಾವಿರಾರು ವರ್ಷಗಳಾದವು, ಅಷ್ಟೆ. ಹಾಗಾದರೆ ನಮ್ಮ ಗಂಗಾಳದಲ್ಲಿ ‘ನಮ್ಮದು’ ಎನ್ನುವುದು ಯಾವುದು?

ಇದು ಇಂದು ಮನೆಮನೆಯ ಪ್ರಶ್ನೆ. ಸೊಲ್ಲಾಪುರ, ಅಕ್ಕಲಕೋಟಗಳ ಕನ್ನಡ ಮನೆಗಳಲ್ಲಿಯೂ ಮಕ್ಕಳು ಪಾಸ್ತಾ, ನೂಡಲ್ಸ್ ಬೇಡುತ್ತಾರೆ. ಹಿರಿಯರಿಗೆ ಅದರಲ್ಲಿ ಸಂಸ್ಕೃತಿಯ ಸೋಲು ಕಾಣುತ್ತದೆ. ಕಿರಿಯರಿಗೆ ಹಿರಿಯರ ಹಟ ಕಾಣುತ್ತದೆ.

ನಮ್ಮ ಪೂರ್ವಿಕರು ಮಾಡಿದ್ದನ್ನು ನೋಡೋಣ. ಹೊಸ ಕಾಯಿ ಬಂದಾಗ ಕನ್ನಡವು ತಾನು ಮೊದಲೇ ಬಲ್ಲ ಮೆಣಸಿನ ಹೆಸರನ್ನೇ ಅದಕ್ಕೆ ಕೊಟ್ಟು ‘ಮೆಣಸಿನಕಾಯಿ’ ಎಂದು ಕರೆಯಿತು. ಬಟಾಟಿಗೆ ಪೋರ್ತುಗೀಜರ ಹೆಸರನ್ನೇ ಉಳಿಸಿ, ಪಲ್ಯವನ್ನು ತನ್ನ ಒಗ್ಗರಣೆಯಿಂದ ಮಾಡಿತು. ಇದನ್ನು ಅತಿಥಿಸತ್ಕಾರವೆನ್ನಬೇಕು. ಆದರೆ ಸತ್ಕಾರಕ್ಕೆ ಮನೆಯಲ್ಲಿ ಗೃಹಸ್ಥನಿರಬೇಕು. ರೊಟ್ಟಿ ಬಡಿಯುವ ಕೈ ಇದ್ದುದರಿಂದಲೇ ಪರದೇಶದ ಖಾರ ನಮ್ಮದಾಯಿತು. ಆ ಕೈ ಮರೆಯಾದರೆ ಹಿರಿಯರ ಆತಂಕ ನಿಜವಾಗುತ್ತದೆ.

ಮೆಕ್ಸಿಕೊದವರು ಗೋವಿನಜೋಳದ ತೆಳುರೊಟ್ಟಿಯಲ್ಲಿ ಬೇಯಿಸಿದ ಕಾಳು, ಟೊಮೆಟೊ, ಉಳ್ಳಾಗಡ್ಡಿ, ಮೆಣಸಿನಕಾಯಿಗಳನ್ನಿಟ್ಟು ಮಡಚಿ ತಿನ್ನುತ್ತಾರೆ. ನಮ್ಮ ಬಿಸಿ ಜೋಳದ ರೊಟ್ಟಿಯಲ್ಲಿ ಮಡಕಿಕಾಳಿನ ಉಸಳಿ, ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊಗಳನ್ನಿಟ್ಟು, ನಿಂಬೆಹಣ್ಣು ಹಿಂಡಿ ಮಡಚಿದರೆ ಮಗುವಿಗೆ ಹೊಸ ರುಚಿ ದೊರೆಯುತ್ತದೆ. ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ಹದ ತಿಳಿಯುವ ಹಳೆಯ ವಿದ್ಯೆಯೂ ಅದರ ಜೊತೆಗೇ ಕೈಗೆ ಬರುತ್ತದೆ. ಎರಡು ನಿಮಿಷದ ಪೊಟ್ಟಣವು ಈ ವಿದ್ಯೆಯನ್ನು ಕಲಿಸಲಾರದು.

ಇದು ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿದ ಸೊನ್ನಲಿಗೆ. ಆ ನೀರು ಬಾಯಾರಿದವರ ಊರನ್ನು ಕೇಳಲಿಲ್ಲ. ಅಕ್ಕಲಕೋಟದ ಸ್ವಾಮಿ ಸಮರ್ಥರ ಸನ್ನಿಧಿಯ ಅನ್ನಛತ್ರದಲ್ಲಿಯೂ ಪಂಕ್ತಿಗೆ ಬಂದವರು ಯಾವ ನುಡಿಯವರೆಂಬ ವಿಚಾರಣೆಯಿಲ್ಲ. ಅನ್ನ ಎಲ್ಲಿಂದ ಬಂತೆಂಬುದಕ್ಕಿಂತ, ಯಾರ ದುಡಿಮೆಯಿಂದ ಸಿದ್ಧವಾಯಿತು, ಯಾರೊಡನೆ ಹಂಚಿಕೆಯಾಯಿತು ಎಂಬುದೇ ಅದರ ಧರ್ಮವನ್ನು ನಿರ್ಣಯಿಸುತ್ತದೆ.

ಗಡಿಯ ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ಮರಾಠಿ, ತೆಲುಗು, ಉರ್ದು ನೆರೆಯಲ್ಲಿರುವುದರಿಂದ ನಮ್ಮ ನುಡಿ ಬಡವಾಗದು. ಒಲೆಯ ಮುಂದೆ ಅದನ್ನಾಡುವವರಿಲ್ಲದಿದ್ದರೆ ಬಡವಾಗುತ್ತದೆ. ಆದುದರಿಂದ ಮಕ್ಕಳ ಪಾಸ್ತಾವನ್ನು ಹಳಿಯುವ ಮೊದಲು ಅವರನ್ನು ಕೊಣಮಿಗೆಯ ಬಳಿ ಕೂರಿಸಿಕೊಂಡು, ಮಗನಿಗೂ ಮಗಳಿಗೂ ರೊಟ್ಟಿ ಬಡಿಯುವುದನ್ನು ಕನ್ನಡದಲ್ಲಿ ಕಲಿಸೋಣ. ಪಾಸ್ತಾವನ್ನು ಮರುದಿನ ಅವರೇ ನಮಗೆ ಮಾಡಿ ಬಡಿಸಲಿ.